ಮೆಟ್‌ಕಾಫ್ ಹೌಸ್ ಮತ್ತು ದಿಲ್‌ಖುಷಾ: ದಿಲ್ಲಿಯ ಎರಡು ಇಂಗ್ಲಿಷ್ ಮನೆಗಳ ಕಾಲನಿರ್ಣಯ

1. ವ್ಯಾಪ್ತಿ

ಈಸ್ಟ್ ಇಂಡಿಯಾ ಕಂಪನಿ ದಿಲ್ಲಿಯನ್ನು ವಶಪಡಿಸಿಕೊಂಡದ್ದು 1803ರ ಸೆಪ್ಟೆಂಬರಿನಲ್ಲಿ. ಅಂದಿನಿಂದ 1857ರ ಮೇ ತಿಂಗಳವರೆಗೆ ಕಂಪನಿಯ ಹಿರಿಯ ಅಧಿಕಾರಿಗಳು ನಗರದ ಒಳಗೂ ಹೊರಗೂ ಹಲವು ವಸತಿಗಳನ್ನು ಕಟ್ಟಿಸಿದರು ಇಲ್ಲವೆ ಹಳೆಯ ಕಟ್ಟಡಗಳನ್ನು ವಸತಿಯಾಗಿ ಮಾರ್ಪಡಿಸಿಕೊಂಡರು. ಇವುಗಳಲ್ಲಿ ಕೆಲವು ಇಂಗ್ಲೆಂಡಿನ ಗ್ರಾಮಾಂತರ ಸಿರಿವಂತ ಮನೆತನಗಳ ಮೇನರ್ ಹೌಸ್ ಮಾದರಿಗೆ ಸಮೀಪವಾಗಿವೆ. ಥಾಮಸ್ ಥಿಯೋಫಿಲಸ್ ಮೆಟ್‌ಕಾಫ್ (1795–1853) ವಾಸಿಸಿದ ಎರಡು ಮನೆಗಳು ಈ ಟಿಪ್ಪಣಿಯ ವಿಷಯ: ಯಮುನಾ ದಂಡೆಯ ಮೆಟ್‌ಕಾಫ್ ಹೌಸ್ ಮತ್ತು ಮೆಹ್ರೌಲಿಯ ದಿಲ್‌ಖುಷಾ. ಲುಟ್ಯೆನ್ಸ್ ಕಾಲದ ಹೊಸದಿಲ್ಲಿಯ ಬಂಗಲೆಗಳನ್ನು ಇಲ್ಲಿ ಸೇರಿಸಿಲ್ಲ.

ಹೋಲಿಕೆಯ ಮಿತಿಯನ್ನು ಮೊದಲೇ ಗುರುತಿಸಬೇಕು. ಇಂಗ್ಲೆಂಡಿನಲ್ಲಿ ಮೇನರ್ ಎಂಬುದು ಭೂಹಕ್ಕು, ನ್ಯಾಯಾಧಿಕಾರ ಮತ್ತು ಒಕ್ಕಲುಗಳನ್ನು ಒಳಗೊಂಡ ವ್ಯವಸ್ಥೆ. ಮನೆ ಅದರ ಒಂದು ಅಂಗ. ದಿಲ್ಲಿಯ ಮನೆಗಳಿಗೆ ಅಂಥ ಹಕ್ಕುಗಳ ಹಿನ್ನೆಲೆಯಿಲ್ಲ. ಆದ್ದರಿಂದ ಹೋಲಿಕೆ ವಾಸ್ತುಲಕ್ಷಣಗಳಿಗೆ ಮಾತ್ರ ಸಲ್ಲುತ್ತದೆ. ಇಲ್ಲಿ ಬಳಸಿದ ಲಕ್ಷಣಗಳು ನಾಲ್ಕು: (ಅ) ಮನೆಗೆ ಸೇರಿದ ವಿಶಾಲ ಆವರಣ, (ಆ) ಕಂಬಸಾಲಿನಿಂದ ಕೂಡಿದ ಮುಖಭಾಗ, (ಇ) ಗ್ರಂಥಭಂಡಾರ, ಕಲಾಸಂಗ್ರಹ, ಬಿಲಿಯರ್ಡ್ಸ್ ಕೋಣೆ ಮೊದಲಾದ ವಿರಾಮದ ಕೋಣೆಗಳು, (ಈ) ದೂರದ ನೋಟಕ್ಕೆಂದೇ ನಿಲ್ಲಿಸಿದ ಅಲಂಕಾರ ಕಟ್ಟಡಗಳು.

ಟಿಪ್ಪಣಿಯ ವಾದ ಸೀಮಿತವಾದದ್ದು. ಈ ಮನೆಗಳಿಗೆ ಒಂದೊಂದೇ ಇಸವಿಯನ್ನು ಹಚ್ಚುವ ರೂಢಿಯಿದೆ. ಆಧಾರಗಳನ್ನು ಪರಸ್ಪರ ತಾಳೆ ನೋಡಿದಾಗ ಒಂದು ಇಸವಿಯ ಬದಲು ಹಂತಗಳ ಸರಣಿಯನ್ನು ಕೊಡುವುದು ಹೆಚ್ಚು ನಿಖರವೆಂದು ತೋರುತ್ತದೆ.

2. ಪೂರ್ವನಿದರ್ಶನ: ಕಾಶ್ಮೀರಿ ಗೇಟಿನ ರೆಸಿಡೆನ್ಸಿ

ಮೊಗಲ್ ಕಟ್ಟಡದ ಒಡಲಿನ ಮೇಲೆ ಯುರೋಪಿನ ಮುಖವನ್ನು ಕೂರಿಸುವ ಪದ್ಧತಿಗೆ ದಿಲ್ಲಿಯಲ್ಲಿ ಸಿಗುವ ಮೊದಲ ಪ್ರಮುಖ ಉದಾಹರಣೆ ಕಾಶ್ಮೀರಿ ಗೇಟಿನ ಬಳಿಯ ರೆಸಿಡೆನ್ಸಿ. ಷಹಜಹಾನನ ಮಗ ದಾರಾ ಶುಕೋನ ಗ್ರಂಥಭಂಡಾರವೆಂದು ಪರಂಪರೆಯಲ್ಲಿ ಗುರುತಿಸಲಾಗುವ ಕಟ್ಟಡವಿದು. ಮುಂಭಾಗದಲ್ಲಿ ಅಯಾನಿಕ್ ಬೋದಿಗೆಗಳ ಎತ್ತರದ ಕಂಬಗಳ ವರಾಂಡವಿದೆ. ಅದರ ಹಿಂದೆ ಕೆಂಪು ಮರಳುಗಲ್ಲಿನ ಮೊಗಲ್ ಕಂಬಗಳು ಉಳಿದಿವೆ. ಕೆಳಗಿನ ಜಗತಿಯೂ ಹಳೆಯದೇ.

ಇಲ್ಲಿನ ಶಿಲಾಫಲಕ ಕಟ್ಟಡದ ಇತಿಹಾಸವನ್ನು ಇಸವಿಗಳ ಪಟ್ಟಿಯಾಗಿ ಕೊಡುತ್ತದೆ: 1637ರಲ್ಲಿ ದಾರಾ ಶುಕೋನ ಗ್ರಂಥಭಂಡಾರ, 1639ರಲ್ಲಿ ಅಲಿ ಮರ್ದಾನ್ ಖಾನನ ನಿವಾಸ, 1803ರಲ್ಲಿ ಬ್ಯಾರೊನೆಟ್ ಸರ್ ಡೇವಿಡ್ ಅಕ್ಟರ್ಲೋನಿಯ ನಿವಾಸ, 1804ರಿಂದ 1877ರವರೆಗೆ ಸರ್ಕಾರಿ ಕಾಲೇಜು, ಆಮೇಲೆ ಶಾಲೆಗಳು. ಈ ಪಟ್ಟಿಯನ್ನು ಯಥಾವತ್ತಾಗಿ ಸ್ವೀಕರಿಸಲು ಎರಡು ಅಡ್ಡಿಗಳಿವೆ.

ಮೊದಲನೆಯದು ಬಿರುದಿನದು. ದಿಲ್ಲಿಯಲ್ಲಿ ರೆಸಿಡೆಂಟ್ (ಕಂಪನಿಯ ಪ್ರತಿನಿಧಿ) ಆಗಿದ್ದ ಅಕ್ಟರ್ಲೋನಿಗೆ ಬ್ಯಾರೊನೆಟ್ ಪದವಿ ಬಂದದ್ದು 1816ರಲ್ಲಿ. 1803ರ ಸಾಲಿನಲ್ಲಿ ಅದು ಕಾಣಿಸಿಕೊಂಡಿರುವುದರಿಂದ ಪಟ್ಟಿಯನ್ನು ಹಿನ್ನೋಟದಲ್ಲಿ ಜೋಡಿಸಿದ್ದಾರೆಂಬುದು ಸ್ಪಷ್ಟ. ಎರಡನೆಯದು ಹೆಚ್ಚು ಮುಖ್ಯವಾದದ್ದು. ಫಲಕ ಸರ್ಕಾರಿ ಕಾಲೇಜು ಎಂದು ಕರೆಯುವ ದಿಲ್ಲಿ ಕಾಲೇಜು ಕಂಪನಿಯ ಧನಸಹಾಯದಿಂದ ಆರಂಭವಾದದ್ದು 1825ರಲ್ಲಿ, ಅದೂ ಅಜ್ಮೇರಿ ಗೇಟಿನ ಬಳಿಯ ಗಾಜಿಉದ್ದೀನ್ ಮದರಸಾದಲ್ಲಿ. ಅದು ರೆಸಿಡೆನ್ಸಿ ಕಟ್ಟಡಕ್ಕೆ ಸ್ಥಳಾಂತರಗೊಂಡದ್ದು 1840ರ ದಶಕದಲ್ಲಿ. ಕಾಲೇಜು ಮುಚ್ಚಿದ ವರ್ಷವಾದ 1877 ಫಲಕದೊಂದಿಗೆ ಸರಿಹೊಂದುತ್ತದೆ, 1804 ಹೊಂದುವುದಿಲ್ಲ. ಒಂದು ಬಳಕೆ ಮುಗಿದ ಮರುವರ್ಷವೇ ಇನ್ನೊಂದು ಶುರುವಾಗಬೇಕೆಂಬ ಪಟ್ಟಿಕಾರನ ಊಹೆ 1804ಕ್ಕೆ ಕಾರಣವಾಗಿರಬಹುದು. ಇದು ಅನುಮಾನ ಮಾತ್ರ. ಆದರೂ ಫಲಕವನ್ನು ಪ್ರಾಥಮಿಕ ಆಧಾರವೆಂದು ಉಲ್ಲೇಖಿಸುವುದು ಸರಿಯಲ್ಲವೆಂದು ಹೇಳಲು ಇಷ್ಟು ಸಾಕು.

3. ಮೆಟ್‌ಕಾಫ್ ಹೌಸ್: ಕಟ್ಟಿದ ಕಾಲ

ಥಾಮಸ್ ಮೆಟ್‌ಕಾಫ್ ದಿಲ್ಲಿಗೆ ಬಂದದ್ದು 1813ರಲ್ಲಿ. ಆಗ ಅವನ ಅಣ್ಣ ಚಾರ್ಲ್ಸ್ ಮೆಟ್‌ಕಾಫ್ (1785–1846) ಅಲ್ಲಿನ ರೆಸಿಡೆಂಟ್ ಆಗಿದ್ದ. ಕುಟುಂಬಕ್ಕೆ ಇಂಗ್ಲೆಂಡಿನ ಬರ್ಕ್‌ಷೈರಿನಲ್ಲಿ, ವಿಂಡ್ಸರ್ ಸಮೀಪದ ವಿಂಕ್‌ಫೀಲ್ಡ್ ಪ್ಯಾರಿಷ್‌ನಲ್ಲಿ, ಫರ್ನ್‌ಹಿಲ್ ಎಂಬ ಗ್ರಾಮಾಂತರ ಮನೆಯಿತ್ತು. ತಂದೆ ಕಂಪನಿಯ ನಿರ್ದೇಶಕನಾಗಿದ್ದು, 1802ರಲ್ಲಿ ಬ್ಯಾರೊನೆಟ್ ಆದವನು. ಅಂದರೆ ತೋಟ, ಗ್ರಂಥಭಂಡಾರ, ಅತಿಥಿಕೋಣೆಗಳಿಂದ ಕೂಡಿದ ಇಂಗ್ಲಿಷ್ ಮನೆಯ ಕಲ್ಪನೆ ಥಾಮಸನಿಗೆ ಪುಸ್ತಕದಿಂದ ಬಂದದ್ದಲ್ಲ. ಮನೆತನದ ಅನುಭವದಿಂದ ಬಂದದ್ದು.

ಯಮುನಾ ದಂಡೆಯಲ್ಲಿ, ಕಾಶ್ಮೀರಿ ಗೇಟಿನ ಉತ್ತರಕ್ಕೆ ಅವನು ಕಟ್ಟಿಸಿದ ಮನೆಗೆ 1828, 1830, 1835 ಎಂಬ ಬೇರೆಬೇರೆ ಇಸವಿಗಳು ಪ್ರಚಲಿತವಾಗಿವೆ. ಇವುಗಳಲ್ಲಿ 1835ನ್ನು ಎಚ್ಚರದಿಂದ ನೋಡಬೇಕು. ಆ ವರ್ಷದ ಮಾರ್ಚ್ 22ರಂದು, ದಿಲ್ಲಿಯಲ್ಲಿ ಏಜೆಂಟ್ ಆಗಿದ್ದ ವಿಲಿಯಂ ಫ್ರೇಸರ್‌ನ ಹತ್ಯೆಯಾಯಿತು. ಅನಂತರ ಮೊಗಲ್ ದರ್ಬಾರಿನಲ್ಲಿ ಗವರ್ನರ್ ಜನರಲ್‌ನ ಏಜೆಂಟ್ ಹುದ್ದೆ ಮೆಟ್‌ಕಾಫ್‌ಗೆ ಬಂತು. ಹುದ್ದೆ ದೊರೆತ ವರ್ಷವೇ ಮನೆ ಕಟ್ಟಿದ ವರ್ಷವೆಂದು ನಿರೂಪಣೆಗಳಲ್ಲಿ ಬೆರೆತುಹೋಗಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಸದ್ಯಕ್ಕೆ "1828 ಮತ್ತು 1835ರ ನಡುವೆ" ಎಂದು ಬರೆಯುವುದು ಸುರಕ್ಷಿತ.

ಬಿರುದಿನ ವಿಷಯದಲ್ಲಿ ಇಲ್ಲಿಯೂ ಒಂದು ತಿದ್ದುಪಡಿ ಬೇಕು. "ಸರ್ ಥಾಮಸ್ ಮೆಟ್‌ಕಾಫ್ ಕಟ್ಟಿಸಿದ ಮನೆ" ಎಂಬ ವಾಕ್ಯ ಬಹುತೇಕ ಎಲ್ಲ ಪರಿಚಯ ಬರಹಗಳಲ್ಲಿ ಸಿಗುತ್ತದೆ. ಅವನು ನಾಲ್ಕನೆಯ ಬ್ಯಾರೊನೆಟ್ ಆದದ್ದು 1846ರಲ್ಲಿ, ಚಾರ್ಲ್ಸ್ ತೀರಿಕೊಂಡ ಮೇಲೆ. ಮನೆ ಕಟ್ಟುವಾಗ ಅವನಿಗೆ ಬಿರುದಿರಲಿಲ್ಲ.

ಹೆಸರಿನಿಂದ ಆಗಬಹುದಾದ ಗೊಂದಲವೂ ಒಂದುಂಟು. ಮೆಟ್‌ಕಾಫ್ ಈ ಮನೆಯನ್ನು ಜಹಾನ್ ನುಮಾ ಎಂದು ಕರೆದ. ಊರವರ ಬಾಯಲ್ಲಿ ಅದು ಮಟ್ಕಾ ಕೋಠಿಯಾಯಿತು. 1398ರ ತೈಮೂರನ ದಾಳಿಯ ವೃತ್ತಾಂತಗಳಲ್ಲಿ ಬರುವ ಜಹಾನ್ ನುಮಾ ಇದಲ್ಲ. ಅದು ಫಿರೋಜ್ ಷಾ ತುಘಲಕ್ ದಿಲ್ಲಿಯ ರಿಡ್ಜ್ ಗುಡ್ಡಸಾಲಿನ ಮೇಲೆ ಕಟ್ಟಿಸಿದ ಅರಮನೆ. ಎರಡೂ ನಿವೇಶನಗಳು ಹಳೆಯ ನಗರದ ಉತ್ತರಕ್ಕೇ ಇರುವುದರಿಂದ ಸೂಚಿ ತಯಾರಿಸುವವರು ಇವನ್ನು ಬೇರೆಬೇರೆ ನಮೂದುಗಳಾಗಿ ಇಡುವುದು ಅವಶ್ಯ.

4. ಮೆಟ್‌ಕಾಫ್ ಹೌಸ್: ವಿನ್ಯಾಸ ಮತ್ತು ಆಧಾರಗಳ ತೂಕ

ವಿನ್ಯಾಸದ ಬಗ್ಗೆ ಎರಡು ಮುಖ್ಯ ಆಧಾರಗಳಿವೆ. ಒಂದು, ಮೆಟ್‌ಕಾಫ್‌ನೇ ಮಾಡಿಸಿದ ಚಿತ್ರಸಂಪುಟ. ಇದು 1844ರದು, ಚಿತ್ರಗಳು ಮಜಹರ್ ಅಲಿ ಖಾನನವು, ವಿವರಣೆ ಮೆಟ್‌ಕಾಫ್‌ನ ಕೈಬರಹದ್ದು. ಮಗಳು ಎಮಿಲಿಗೆಂದು ಸಿದ್ಧವಾದ ಈ ಸಂಪುಟದಲ್ಲಿ 89 ಹಾಳೆಗಳೂ ಸುಮಾರು 130 ಚಿತ್ರಗಳೂ ಇವೆ. ಈಗ ಅದು ಬ್ರಿಟಿಷ್ ಲೈಬ್ರರಿಯಲ್ಲಿದೆ. ಎರಡು, ಎಮಿಲಿಯ (1830–1911) ನೆನಪುಗಳು. ಇವು ಹಲವು ದಶಕಗಳ ಬಳಿಕ ಬರೆದವು. 1980ರಲ್ಲಿ ಎಂ. ಎಂ. ಕೇ ಸಂಪಾದಿಸಿದ 'ದಿ ಗೋಲ್ಡನ್ ಕಾಮ್' ಪುಸ್ತಕದಲ್ಲಿ ಸಂಪುಟದ ಚಿತ್ರಗಳೂ ಮಗಳ ನೆನಪುಗಳೂ ಒಟ್ಟಿಗೆ ಅಚ್ಚಾಗಿವೆ. ಓದುಗರಿಗೆ ಇದರಿಂದ ಅನುಕೂಲವಾಯಿತು. ಆದರೆ ಒಂದೇ ಪುಸ್ತಕದ ಹೆಸರಿನಲ್ಲಿ ಸಮಕಾಲೀನ ಚಿತ್ರವನ್ನೂ ತಡವಾದ ನೆನಪನ್ನೂ ಬೇರ್ಪಡಿಸದೆ ಉಲ್ಲೇಖಿಸುವ ಅಭ್ಯಾಸಕ್ಕೂ ಇದೇ ದಾರಿ ಮಾಡಿತು. ಮುಂದಿನ ಸಾಲುಗಳಲ್ಲಿ ಎರಡನ್ನೂ ಬೇರೆಯಾಗಿಯೇ ಇಡಲಾಗಿದೆ.

ಚಿತ್ರಗಳು ಕಾಣಿಸುವುದು ಉದ್ದನೆಯ, ತಗ್ಗಾಗಿ ಹರಡಿಕೊಂಡ, ಕಂಬಸಾಲಿನ ಮನೆಯನ್ನು. ಎಮಿಲಿಯ ನೆನಪಿನ ಪ್ರಕಾರ ಮನೆಯ ಸುತ್ತಲಿನ ವರಾಂಡ 20ರಿಂದ 30 ಅಡಿ ಅಗಲ (ಸುಮಾರು 6ರಿಂದ 9 ಮೀಟರ್), ಅದರ ಚಾವಣಿಯನ್ನು ಕಲ್ಲಿನ ಕಂಬಗಳು ಹೊತ್ತಿದ್ದವು. ಗ್ರಂಥಭಂಡಾರದಲ್ಲಿ 25,000 ಪುಸ್ತಕಗಳಿದ್ದವೆಂಬ ಮಾತು ಪದೇ ಪದೇ ಬರುತ್ತದೆ. ದುಂಡಾದ ಸಂಖ್ಯೆಯಾದ್ದರಿಂದ ಅದನ್ನು ಪ್ರಮಾಣದ ಸೂಚನೆಯೆಂದು ತೆಗೆದುಕೊಳ್ಳುವುದು ಒಳಿತು, ಎಣಿಕೆಯೆಂದಲ್ಲ. ನೆಪೋಲಿಯನ್‌ಗೆ ಸಂಬಂಧಿಸಿದ ವಸ್ತುಗಳಿಗೆಂದೇ ಮೀಸಲಾದ ಒಂದು ಕೋಣೆಯೂ ಇತ್ತು.

ವಾಸ್ತುವಿನ ದೃಷ್ಟಿಯಿಂದ ಎರಡು ಅಂಶಗಳು ಗಮನಾರ್ಹ.

(ಅ) ವರಾಂಡ. ಇಂಗ್ಲೆಂಡಿನ ಪಲ್ಲಾಡಿಯನ್ ಮನೆಯಲ್ಲಿ ಕಂಬಗಳು ಸಾಮಾನ್ಯವಾಗಿ ಮುಖ್ಯ ದ್ವಾರದ ಮುಂದೆ ಮುಖಮಂಟಪವಾಗಿ ನಿಲ್ಲುತ್ತವೆ. ಇಲ್ಲಿ ಅವು ಮನೆಯನ್ನು ಸುತ್ತುವರಿದಿವೆ. ಕಂಬಗಳ ರೂಪ ಯುರೋಪಿನದು. ಬಿಸಿಲಿನಿಂದ ಗೋಡೆಯನ್ನು ಕಾಯುವ ಕೆಲಸ ಬಂಗಾಳದ ಬಂಗಲೆಯದು.

(ಆ) ನೆಲಮಾಳಿಗೆ. ಇಂಗ್ಲಿಷ್ ಗ್ರಾಮಾಂತರ ಮನೆಯ ನೆಲಮಾಳಿಗೆ ಮುಖ್ಯವಾಗಿ ಅಡುಗೆ, ಉಗ್ರಾಣ ಮತ್ತು ಸೇವಕರದು. ಮೆಟ್‌ಕಾಫ್ ಹೌಸ್‌ನ ತೇಖಾನಾ ಮಾಲೀಕನದು: ಬಿಲಿಯರ್ಡ್ಸ್ ಕೋಣೆ ಸಹಿತ ಬೇಸಿಗೆಯ ಕೋಣೆಗಳು ಅಲ್ಲಿದ್ದವೆಂಬ ವಿವರಣೆ ಉಳಿದಿದೆ. ಮೇ, ಜೂನ್ ತಿಂಗಳ ಹಗಲನ್ನು ನೆಲದಡಿಯಲ್ಲಿ ಕಳೆಯುವ ಪದ್ಧತಿ ಮೊಗಲ್ ದಿಲ್ಲಿಯ ಶ್ರೀಮಂತ ಹವೇಲಿಗಳದು. ಅಂದರೆ ಮನೆಯ ಮೇಲು ಕೀಳು ಶ್ರೇಣಿ ಇಲ್ಲಿ ತಿರುವುಮುರುವಾಗಿದೆ. ಕಂಬಸಾಲಿನ ಮುಖಭಾಗವನ್ನಷ್ಟೇ ನೋಡಿ ಮನೆಯನ್ನು ಪೂರ್ಣವಾಗಿ ಇಂಗ್ಲಿಷ್ ಎಂದು ವರ್ಗೀಕರಿಸುವವರು ಈ ಅಂಶವನ್ನು ಬಿಟ್ಟುಬಿಡುತ್ತಾರೆ. ಪ್ರಸ್ತುತ ಟಿಪ್ಪಣಿ ಇದನ್ನು ನಿರ್ಣಾಯಕ ಲಕ್ಷಣವೆಂದು ಪರಿಗಣಿಸುತ್ತದೆ.

5. ದಿಲ್‌ಖುಷಾ: ಗೋರಿಯ ಹಂತ

ಮೆಹ್ರೌಲಿಯ ಮನೆಯ ಒಡಲು ಒಂದು ಗೋರಿ. ಹೊರಗೆ ಎಂಟು ಮೂಲೆ, ಒಳಗೆ ಚೌಕ, ಮೇಲೆ ಗುಮ್ಮಟ, ಗೋಡೆಗಳಲ್ಲಿ ಗಾರೆಯ ಕೆತ್ತನೆ, ಬಣ್ಣದ ಕೆಲಸ ಮತ್ತು ಹೆಂಚಿನ ಅಲಂಕಾರದ ಅವಶೇಷಗಳು. ಪರಂಪರೆ ಇದನ್ನು ಮಹಮ್ಮದ್ ಕುಲಿ ಖಾನನದೆಂದು ಗುರುತಿಸುತ್ತದೆ. ಅವನು ಅಕ್ಬರನ ಸಾಕುತಾಯಿ ಮಾಹಮ್ ಅನಗಾಳ ಮಗ, ಅಧಮ್ ಖಾನನ ಸಹೋದರ ಎನ್ನಲಾಗಿದೆ. ಅಧಮ್ ಖಾನ್ ಸತ್ತದ್ದು 1562ರಲ್ಲಿ. ಕುಲಿ ಖಾನನ ಗೋರಿಯನ್ನು ಸಾಮಾನ್ಯವಾಗಿ 17ನೆಯ ಶತಮಾನದ ಆರಂಭಕ್ಕೆ ಸೇರಿಸುತ್ತಾರೆ. ಇಬ್ಬರೂ ಒಂದೇ ತಲೆಮಾರಿನವರೆಂದರೆ ಗೋರಿಗಳ ನಡುವೆ ಸುಮಾರು ನಾಲ್ಕು ದಶಕಗಳ ಅಂತರ ಬರುತ್ತದೆ. ಇದು ಅಸಾಧ್ಯವೇನಲ್ಲ. ಆದರೆ ಸಂಬಂಧವನ್ನೂ ಕಾಲವನ್ನೂ ಒಂದೇ ಉಸಿರಿನಲ್ಲಿ ಖಚಿತವೆಂದು ಹೇಳುವಾಗ ಈ ಅಂತರವನ್ನು ನಮೂದಿಸಬೇಕು.

ಗೋರಿಯನ್ನು ವಸತಿಯಾಗಿಸುವುದರಲ್ಲಿ ಮೆಟ್‌ಕಾಫ್ ಮೊದಲಿಗನಲ್ಲ. ಅದೇ ಮೆಹ್ರೌಲಿಯಲ್ಲಿ ಅಧಮ್ ಖಾನನ ಗೋರಿಯನ್ನು 1830ರ ದಶಕದಲ್ಲಿ ಬಂಗಾಳ ಸಿವಿಲ್ ಸರ್ವೀಸಿನ ಬ್ಲೇಕ್ ಎಂಬ ಅಧಿಕಾರಿ ಮನೆಯಾಗಿ ಬಳಸಿದ್ದ. ಊಟದ ಕೋಣೆಗೆ ಜಾಗ ಮಾಡಲು ಸಮಾಧಿಯ ಕಲ್ಲುಗಳನ್ನು ತೆಗೆಸಿದನೆಂದು ಹೇಳಲಾಗಿದೆ. ಆ ಕಟ್ಟಡ ಆಮೇಲೆ ಪೊಲೀಸ್ ಠಾಣೆ, ಅಂಚೆ ಕಚೇರಿಯೂ ಆಗಿ, ಕರ್ಜನ್ ಆಡಳಿತದಲ್ಲಿ (1899–1905) ಜೀರ್ಣೋದ್ಧಾರಗೊಂಡಿತು. ಹೀಗಾಗಿ ದಿಲ್‌ಖುಷಾವನ್ನು ಒಬ್ಬ ವ್ಯಕ್ತಿಯ ವಿಚಿತ್ರ ಅಭಿರುಚಿಯೆಂದು ವಿವರಿಸುವುದು ಸಾಲದು. ಅದು ಆ ದಶಕಗಳ ಅಧಿಕಾರಿವರ್ಗದಲ್ಲಿ ಆಗಲೇ ಬಳಕೆಯಲ್ಲಿದ್ದ ಪದ್ಧತಿ.

ಮೆಟ್‌ಕಾಫ್‌ನ ಮಾರ್ಪಾಡನ್ನು 1840ರ ದಶಕದ ಮೊದಲರ್ಧಕ್ಕೆ, ಹೆಚ್ಚಾಗಿ 1843–44ರ ಆಸುಪಾಸಿಗೆ, ಸೇರಿಸಲಾಗುತ್ತದೆ. ಗುಮ್ಮಟದಡಿಯ ನಡುಕೋಣೆ ಊಟದ ಹಜಾರವಾಯಿತು. ಅದರ ಸುತ್ತ ಹೊಸ ಕೋಣೆಗಳು, ಹಜಾರಗಳು ಸೇರಿದವು. ಈ ಸೇರ್ಪಡೆಗಳಲ್ಲಿ ಈಗ ಉಳಿದಿರುವುದು ಬಹುಪಾಲು ತಳಪಾಯ ಮತ್ತು ಮೋಟುಗೋಡೆಗಳು. ಗೋರಿಯೇ ಹೆಚ್ಚು ಸುಸ್ಥಿತಿಯಲ್ಲಿದೆ.

ಜಾಗದ ಆಯ್ಕೆಗೆ ರಾಜಕೀಯ ಕಾರಣವನ್ನೂ ಸೂಚಿಸಲಾಗಿದೆ. ಮೊಗಲ್ ದೊರೆಗಳು ಮಳೆಗಾಲವನ್ನು ಕಳೆಯುತ್ತಿದ್ದ ಜಫರ್ ಮಹಲ್ ಮೆಹ್ರೌಲಿಯಲ್ಲೇ ಇದೆ. ಎರಡನೆಯ ಅಕ್ಬರ್ ಷಾ ಕಟ್ಟಿಸಿದ ಆ ಅರಮನೆಗೆ ಬಹಾದುರ್ ಷಾ ಜಫರ್ 1847–48ರಲ್ಲಿ ಮಹಾದ್ವಾರ ಕಟ್ಟಿಸಿದ. ಏಜೆಂಟನು ದೊರೆಯ ಮೇಲೆ ಕಣ್ಣಿಡಲೆಂದೇ ಇಲ್ಲಿ ಮನೆ ಮಾಡಿದನೆಂಬ ಮಾತು ಸಾನ್ನಿಧ್ಯದಿಂದ ಮಾಡಿದ ಅನುಮಾನವಾಗಿ ಸಮಂಜಸ; ಉದ್ದೇಶದ ನೇರ ಸಾಕ್ಷ್ಯವೆಂದು ಮಂಡಿಸುವುದು ಹೆಚ್ಚಾಗುತ್ತದೆ.

6. ದಿಲ್‌ಖುಷಾ: ಆವರಣ ಮತ್ತು ಕುತುಬಿನ ನೋಟ

ಇಂಗ್ಲಿಷ್ ಮಾದರಿ ಇಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುವುದು ಆವರಣದಲ್ಲಿ. ಲ್ಯಾನ್ಸೆಲಾಟ್ ಬ್ರೌನ್ (1716–1783) ಮತ್ತು ಹಂಫ್ರಿ ರೆಪ್ಟನ್ (1752–1818) ರೂಢಿಗೆ ತಂದ ಭೂದೃಶ್ಯ ತೋಟದಲ್ಲಿ ಮನೆ, ನೀರು, ದಿಬ್ಬ ಮತ್ತು ದೂರದ ಕಟ್ಟಡ ಒಂದು ನೋಟದ ಅಂಗಗಳಾಗಿರುತ್ತವೆ. ಮೆಹ್ರೌಲಿ ಪುರಾತತ್ವ ಉದ್ಯಾನದಲ್ಲಿ ಇಂದು ಕಾಣುವ ಮೆಟ್‌ಕಾಫ್ ಕಾಲದ ಅಂಗಗಳು ಇವು: ದಿಬ್ಬದ ಮೇಲಿನ ಗುಮ್ಮಟದ ಛತ್ರಿ, ಮೆಟ್ಟಿಲು ಮೆಟ್ಟಿಲಾಗಿ ಏರುವ, ಗಢ್‌ಗಜ್ ಎಂದು ಕರೆಯಲಾಗುವ ಕಟ್ಟಡಗಳು, ದೋಣಿಮನೆಯೆಂದೂ ಪಾರಿವಾಳಗೂಡೆಂದೂ ಗುರುತಿಸಲಾದ ರಚನೆಗಳು. ಕೊನೆಯವು ಹಳೆಯ ಕಟ್ಟಡಗಳ ಮರುಬಳಕೆಯೆಂಬುದೇ ಪ್ರಚಲಿತ ಅಭಿಪ್ರಾಯ.

ಛತ್ರಿಯ ವಿಷಯದಲ್ಲಿ ಎಚ್ಚರ ಬೇಕು. ಅದರ ಆಕಾರ ಸುಲ್ತಾನರ ಮತ್ತು ಮೊಗಲರ ಛತ್ರಿಗಳನ್ನು ಅನುಸರಿಸುತ್ತದೆ. ಕೂಗಳತೆಯಲ್ಲೇ 1528–29ರ ಜಮಾಲಿ ಕಮಾಲಿ ಮಸೀದಿ ಮತ್ತು ಗೋರಿ ಇರುವುದರಿಂದ ಛತ್ರಿಯೂ ಅದೇ ಕಾಲದ್ದೆಂದು ಭಾವಿಸುವ ಸಾಧ್ಯತೆ ಹೆಚ್ಚು. ರೂಪಸಾಮ್ಯವನ್ನು ಕಾಲದ ಸಾಕ್ಷ್ಯವೆಂದು ತೆಗೆದುಕೊಂಡರೆ ಇಲ್ಲಿ ಮೂರು ಶತಮಾನಗಳಷ್ಟು ತಪ್ಪಾಗುತ್ತದೆ.

ನೋಟದ ಕೇಂದ್ರವಾದ ಕುತುಬ್ ಮಿನಾರ್ (ಎತ್ತರ ಸುಮಾರು 72.5 ಮೀಟರ್) ಕೂಡ ಆ ವರ್ಷಗಳಲ್ಲಿ ಒಂದೇ ರೂಪದಲ್ಲಿರಲಿಲ್ಲ. 1803ರ ಭೂಕಂಪದಲ್ಲಿ ಅದರ ಶಿಖರ ಬಿದ್ದಿತ್ತು. ಬಂಗಾಳ ಎಂಜಿನಿಯರ್ಸ್‌ನ ರಾಬರ್ಟ್ ಸ್ಮಿತ್ (1787–1873) 1828ರಲ್ಲಿ ದುರಸ್ತಿ ಮುಗಿಸಿ ಮೇಲೊಂದು ಮಂಟಪವನ್ನು ಕೂರಿಸಿದ. ಅಸಂಗತವೆಂಬ ಆಕ್ಷೇಪದಿಂದ ಗವರ್ನರ್ ಜನರಲ್ ಹಾರ್ಡಿಂಜ್ 1848ರಲ್ಲಿ ಅದನ್ನು ಇಳಿಸಿದ. ಅದು ಈಗ ಕುತುಬ್ ಆವರಣದ ಹುಲ್ಲುಹಾಸಿನ ಮೇಲಿದೆ. ದಿಲ್‌ಖುಷಾದ ಮಾರ್ಪಾಡು 1843–44ರ ಸುಮಾರಿನದಾದರೆ, ಮೊದಲ ನಾಲ್ಕೈದು ವರ್ಷ ಅಲ್ಲಿಂದ ಕಂಡದ್ದು ಸ್ಮಿತ್‌ನ ಮಂಟಪವಿದ್ದ ಮಿನಾರು. 1848ರ ನಂತರ, ಮೆಟ್‌ಕಾಫ್ 1853ರ ನವೆಂಬರ್ 3ರಂದು ಸಾಯುವವರೆಗೆ ಕಂಡದ್ದು ಮಂಟಪವಿಲ್ಲದ್ದು. ಮನೆಯ ದೃಶ್ಯಯೋಜನೆಯನ್ನು ಪುನಾರಚಿಸುವ ನಕ್ಷೆಗಳು ಯಾವ ಹಂತವನ್ನು ತೋರಿಸುತ್ತವೆಂದು ಹೇಳಬೇಕಾಗುತ್ತದೆ.

ಪ್ರಭಾವ ಒಂದೇ ದಿಕ್ಕಿನಲ್ಲಿ ಹರಿಯಲಿಲ್ಲವೆಂಬುದಕ್ಕೂ ಸ್ಮಿತ್ ಸಾಕ್ಷಿ. ನಿವೃತ್ತಿಯ ಬಳಿಕ ಅವನು ಇಂಗ್ಲೆಂಡಿನ ಡೆವನ್ ಕಡಲತೀರದ ಪೇಯ್ನ್ಟನ್‌ನಲ್ಲಿ ರೆಡ್‌ಕ್ಲಿಫ್ ಟವರ್ಸ್ ಎಂಬ ಮನೆಯನ್ನು ಕಟ್ಟಿಸಿದ. ಅದರ ಗೋಪುರ, ಕಮಾನುಗಳಲ್ಲಿ ಹಿಂದೂಸ್ತಾನದ ಛಾಯೆಯಿದೆ.

7. 1857ರ ನಂತರದ ಪದರಗಳು

1857ರ ಮೇ ತಿಂಗಳಲ್ಲಿ, ದಂಗೆ ಭುಗಿಲೆದ್ದಾಗ, ಮೆಟ್‌ಕಾಫ್ ಹೌಸ್ ಲೂಟಿಗೊಳಗಾಗಿ ಸುಟ್ಟಿತು. ಲೂಟಿ ಮಾಡಿದವರು ನೆರೆಯ ಚಂದ್ರಾವಲ್ ಹಳ್ಳಿಯ ಗುಜ್ಜರರು, ಆ ನೆಲ ಮೊದಲು ತಮ್ಮದೆಂಬ ಭಾವನೆ ಅವರಲ್ಲಿತ್ತು ಎಂದು ನಿರೂಪಣೆಗಳು ಹೇಳುತ್ತವೆ. ಆದರೆ ಆ ನಿರೂಪಣೆಗಳು ಬಹುಪಾಲು ಇಂಗ್ಲಿಷರವು ಎಂಬುದನ್ನು ತೂಗಿ ನೋಡಬೇಕು. ದಿಲ್ಲಿ ಮುತ್ತಿಗೆಯ ತಿಂಗಳುಗಳಲ್ಲಿ ಅದೇ ಆವರಣ ಕಂಪನಿ ಸೈನ್ಯದ ಮುಂಗಾವಲು ಠಾಣೆಯಾಯಿತು.

ಮರುನಿರ್ಮಾಣಗೊಂಡ ಮನೆಯ ಮುಂದಿನ ಬಳಕೆಗಳು ಸಾರ್ವಜನಿಕ ದಾಖಲೆಯಲ್ಲಿವೆ. 1919ರ ಭಾರತ ಸರ್ಕಾರ ಕಾಯಿದೆಯ ಪ್ರಕಾರ ರಚನೆಯಾದ ಮೇಲ್ಮನೆ, ಕೌನ್ಸಿಲ್ ಆಫ್ ಸ್ಟೇಟ್, 1927ರ ಜನವರಿಯಲ್ಲಿ ಹೊಸದಿಲ್ಲಿಯ ಕೌನ್ಸಿಲ್ ಹೌಸ್ ಉದ್ಘಾಟನೆಯಾಗುವ ತನಕ, ಇಲ್ಲಿ ಸಭೆ ಸೇರುತ್ತಿತ್ತು. 1947ರ ಏಪ್ರಿಲ್ 21ರಂದು ಸರ್ದಾರ್ ಪಟೇಲರು ಆಡಳಿತ ಸೇವೆಯ ಮೊದಲ ತಂಡದ ಅಭ್ಯರ್ಥಿಗಳನ್ನು ಉದ್ದೇಶಿಸಿ ಮಾತನಾಡಿದ್ದು ಇಲ್ಲಿಯೇ. ನಾಗರಿಕ ಸೇವಾ ದಿನದ ತಾರೀಖು ಅಲ್ಲಿಂದ ಬಂದದ್ದು. ಅಲ್ಲಿದ್ದ ಆಡಳಿತ ಸೇವೆಯ ತರಬೇತಿ ಶಾಲೆ 1959ರಲ್ಲಿ ಮಸ್ಸೂರಿಯ ಅಕಾಡೆಮಿಯಲ್ಲಿ ವಿಲೀನವಾಯಿತು. ಈಗ ಆವರಣ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ವಶದಲ್ಲಿದೆ. ಯಮುನೆಯ ಹರಿವೂ ಪೂರ್ವಕ್ಕೆ ಸರಿದಿದೆ.

ಇದರಿಂದ ವಿಧಾನಕ್ಕೆ ಸಂಬಂಧಿಸಿದ ಒಂದು ಫಲಿತಾಂಶ ಹೊರಡುತ್ತದೆ. ಬೆಂಕಿ, ಮರುನಿರ್ಮಾಣ ಮತ್ತು ಕಚೇರಿ ಬಳಕೆಗಳನ್ನು ಕಂಡ ಇಂದಿನ ಕಂಬಸಾಲು ಮೂಲ ಮನೆಯ ನೇರ ಸಾಕ್ಷಿಯಲ್ಲ. ಆ ಹಂತಕ್ಕೆ 1844ರ ಚಿತ್ರಗಳೇ ಹೆಚ್ಚು ನಂಬಲರ್ಹ.

8. ಕರ್ನಾಟಕದ ಒಂದು ಹೋಲಿಕೆ

ಹಲವು ಹಂತಗಳ ಕಟ್ಟಡಕ್ಕೆ ಒಂದೇ ಇಸವಿ ಹಚ್ಚುವ ಸಮಸ್ಯೆ ಬೆಂಗಳೂರು ಅರಮನೆಯಲ್ಲೂ ಕಾಣುತ್ತದೆ. ಅದಕ್ಕೆ 1862, 1873, 1878, 1884, 1887 ಎಂಬ ಇಸವಿಗಳು ಬೇರೆಬೇರೆ ಬರಹಗಳಲ್ಲಿವೆ. ಇವು ಒಂದನ್ನೊಂದು ಸುಳ್ಳಾಗಿಸುವ ಬದಲು ಬೇರೆಬೇರೆ ಕ್ರಿಯೆಗಳನ್ನು ಸೂಚಿಸುತ್ತಿರಬಹುದು: ಸೆಂಟ್ರಲ್ ಹೈಸ್ಕೂಲಿನ ಮೊದಲ ಪ್ರಿನ್ಸಿಪಾಲ್ ಗ್ಯಾರೆಟ್‌ನ ಮನೆ, ಅದರ ಖರೀದಿ, ಆಮೇಲಿನ ನಿರ್ಮಾಣ. ಚಾಮರಾಜೇಂದ್ರ ಒಡೆಯರು ಹುಟ್ಟಿದ್ದು 1863ರಲ್ಲಿ, ರಾಜ್ಯಾಧಿಕಾರ ಮರಳಿದ್ದು 1881ರಲ್ಲಿ. ಆದ್ದರಿಂದ 1873ರ ಖರೀದಿಯನ್ನು ಒಪ್ಪಿದರೆ "ಮಹಾರಾಜರು ಕೊಂಡರು" ಎಂಬುದನ್ನು "ಅಪ್ರಾಪ್ತ ಮಹಾರಾಜರ ಪರವಾಗಿ ಪಾಲಕರು ಕೊಂಡರು" ಎಂದು ತಿದ್ದಬೇಕು. ವಿಂಡ್ಸರ್ ಕೋಟೆಯ ಮಾದರಿ ಎಂಬ ಜನಪ್ರಿಯ ಹೇಳಿಕೆಯೂ ಸಡಿಲವಾದದ್ದು. ಕೋಟೆತೆನೆ ಮತ್ತು ದುಂಡು ಬುರುಜುಗಳು 19ನೆಯ ಶತಮಾನದ ಇಂಗ್ಲೆಂಡಿನ ಅನೇಕ ಗ್ರಾಮಾಂತರ ಮನೆಗಳಲ್ಲಿವೆ.

ವ್ಯತ್ಯಾಸವೂ ಮುಖ್ಯ. ಬೆಂಗಳೂರಿನಲ್ಲಿ ಇಂಗ್ಲಿಷ್ ಮನೆಯೊಂದು ದೇಶೀಯ ಅರಮನೆಯಾಯಿತು. ಮೆಹ್ರೌಲಿಯಲ್ಲಿ ದೇಶೀಯ ಗೋರಿಯೊಂದು ಇಂಗ್ಲಿಷ್ ಮನೆಯಾಯಿತು. ಎರಡರಲ್ಲೂ "ಕಟ್ಟಿದ ವರ್ಷ" ಎಂಬ ಒಂದೇ ಅಂಕಣ ಸಾಲುವುದಿಲ್ಲ.

9. ತಾತ್ಕಾಲಿಕ ನಿರ್ಣಯಗಳು

(ಅ) ಮೆಟ್‌ಕಾಫ್ ಹೌಸ್: ನಿರ್ಮಾಣ 1828–1835ರ ನಡುವೆ; ಚಿತ್ರದಾಖಲೆ 1844; ನಾಶ 1857ರ ಮೇ; ಪುನರ್ನಿರ್ಮಿತ ರೂಪದಲ್ಲಿ ಸರ್ಕಾರಿ ಬಳಕೆ 20ನೆಯ ಶತಮಾನದಿಂದ.

(ಆ) ದಿಲ್‌ಖುಷಾ: ಗೋರಿ 17ನೆಯ ಶತಮಾನದ ಆರಂಭ (ಪರಂಪರೆಯ ಗುರುತು), ವಸತಿ ಸುಮಾರು 1843–44ರಿಂದ, ಆವರಣದ ಅಲಂಕಾರ ಕಟ್ಟಡಗಳು ಅದೇ ಹಂತದವು, ಕೆಲವು ಮರುಬಳಕೆ.

(ಇ) ಎರಡೂ ಮನೆಗಳು ಮುಖಭಾಗ ಮತ್ತು ಆವರಣದಲ್ಲಿ ಇಂಗ್ಲಿಷ್ ಮಾದರಿಯನ್ನು ಅನುಸರಿಸಿ, ವಾಸದ ವ್ಯವಸ್ಥೆಯಲ್ಲಿ ದಿಲ್ಲಿಯ ಪದ್ಧತಿಗೆ ಒಗ್ಗಿಕೊಂಡಿವೆ. ಮೊದಲನೆಯದಕ್ಕೆ ತೇಖಾನಾ, ಎರಡನೆಯದಕ್ಕೆ ಗುಮ್ಮಟದ ನಡುಕೋಣೆ ಇದರ ಸಾಕ್ಷ್ಯ.

(ಈ) ಪಾರಂಪರಿಕ ಕಟ್ಟಡಗಳ ಪಟ್ಟಿಗಳಲ್ಲೂ ಸ್ಥಳದ ಫಲಕಗಳಲ್ಲೂ ಪ್ರತಿ ಇಸವಿಯ ಪಕ್ಕದಲ್ಲಿ ಎರಡು ವಿವರಗಳನ್ನು ಕೊಡುವುದು ಉಪಯುಕ್ತ: ಅದು ಯಾವ ಹಂತದ್ದು, ಮತ್ತು ಆಧಾರ ಯಾವ ಬಗೆಯದು (ಸಮಕಾಲೀನ ಚಿತ್ರ, ತಡವಾದ ನೆನಪು, ಪರಂಪರೆ ಅಥವಾ ಅನುಮಾನ). ರೆಸಿಡೆನ್ಸಿಯ ಫಲಕದಲ್ಲಿ ಈ ಕ್ರಮವನ್ನು ಪಾಲಿಸಿದ್ದರೆ 1804ರ ನಮೂದು ಪ್ರಶ್ನೆಯಿಲ್ಲದೆ ನಿಲ್ಲುತ್ತಿರಲಿಲ್ಲ.